ಕರೆದರೂ ಓಗೊಡದ ಪೆಟ್ಟಿಗೆ: ದೋಷವಿರುವುದು ಎಲ್ಲಿ?

ಮನೆಯ ಹಜಾರದ ಮೂಲೆಯಲ್ಲಿ ಕುಳಿತು, ಹೆಸರು ಹಿಡಿದು ಕರೆದೊಡನೆ ಉತ್ತರ ಕೊಡುವ ಸ್ಮಾರ್ಟ್ ಸ್ಪೀಕರ್ ಇಂದು ಅಪರೂಪದ ವಸ್ತುವಾಗಿ ಉಳಿದಿಲ್ಲ. ಅಮೆಜಾನ್ ಸಂಸ್ಥೆಯು 'ಎಕೋ' ಹೆಸರಿನ ಸ್ಪೀಕರನ್ನು 2014ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಹೊರತಂದಿತು. ಅದರೊಳಗಿನ 'ಅಲೆಕ್ಸಾ' 2017ರ ಅಕ್ಟೋಬರ್‌ನಲ್ಲಿ ಭಾರತಕ್ಕೆ ಕಾಲಿಟ್ಟಿತು. 2018ರ ಏಪ್ರಿಲ್‌ನಲ್ಲಿ 'ಗೂಗಲ್ ಹೋಮ್' ಅದನ್ನು ಹಿಂಬಾಲಿಸಿತು. ಬೆಳಗಿನ ಸುಪ್ರಭಾತ, ಅಡುಗೆಮನೆಯ ಟೈಮರ್, ದೀಪ ಹಾಗೂ ಗೀಸರ್‌ಗಳ ಹತೋಟಿ, ವಯೋವೃದ್ಧರಿಗೆ ಮಾತ್ರೆಯ ವೇಳೆಯ ನೆನಪು, ಅಂಗಡಿಯಿಂದ ಮನೆಗೆ ಒಂದು ಕರೆ, ಹೀಗೆ ಒಂದೊಂದೇ ಕೆಲಸವನ್ನು ಕುಟುಂಬಗಳು ಈ ಪುಟ್ಟ ಪೆಟ್ಟಿಗೆಗೆ ಒಪ್ಪಿಸಿವೆ. ಹಾಗೆ ಒಪ್ಪಿಸಿದ ಮೇಲೆ ಒಂದು ದಿನ ಅದು ಮೌನ ತಾಳಿದರೆ ಮನೆಯ ದಿನಚರಿಯೇ ಏರುಪೇರಾಗುತ್ತದೆ.

ಆಗ ಸಾಮಾನ್ಯವಾಗಿ ನಡೆಯುವುದು ಎರಡೇ. ಒಂದೋ, ಮನೆಯವರು ಅದನ್ನು ಕಪಾಟಿಗೆ ಸೇರಿಸಿ ಹೊಸದನ್ನು ಕೊಳ್ಳುತ್ತಾರೆ. ಇಲ್ಲವೇ ಡಬ್ಬಿಯ ಸಮೇತ ಮಾರಿದ ಅಂಗಡಿಯ ಕೌಂಟರಿಗೆ ತಂದು 'ಪೀಸ್ ಡೆಡ್ ಆಗಿದೆ, ಬದಲಾಯಿಸಿ ಕೊಡಿ' ಎನ್ನುತ್ತಾರೆ. ಮೊದಲನೆಯದರಲ್ಲಿ ನಷ್ಟ ಗ್ರಾಹಕನಿಗೆ, ಎರಡನೆಯದರಲ್ಲಿ ವರ್ತಕನಿಗೆ. ಪೆಟ್ಟಿಗೆಯೇ ಕೆಟ್ಟಿದೆಯೋ, ಅದರ ಹೊರಗೆ ಎಲ್ಲೋ ಒಂದು ಕೊಂಡಿ ಕಳಚಿದೆಯೋ ಎಂಬುದನ್ನು ಬೇರ್ಪಡಿಸಿ ನೋಡಲು ಹೆಚ್ಚೆಂದರೆ ಅರ್ಧ ಗಂಟೆ ಬೇಕು. ಅದಕ್ಕೆ ಯಾವ ಉಪಕರಣವೂ ಬೇಡ, ತಂತ್ರಜ್ಞನ ಭೇಟಿಯ ಶುಲ್ಕವೂ ಬೇಡ, ಕ್ರಮವೊಂದು ಬೇಕು.

ಒಂದು ಮಾತಿನ ಪ್ರಯಾಣ

ಹಳೆಯ ರೇಡಿಯೋ ಅಥವಾ ಟೇಪ್‌ರೆಕಾರ್ಡರ್ ಕೆಟ್ಟರೆ ಕೆಟ್ಟದ್ದು ಅದರೊಳಗೇ ಇರುತ್ತಿತ್ತು. ಸ್ಮಾರ್ಟ್ ಸ್ಪೀಕರ್ ಆ ಜಾತಿಯದಲ್ಲ. ಗ್ರಾಹಕನು ಹಣ ಕೊಟ್ಟು ಮನೆಗೆ ತರುವುದು ಒಂದು ದೀರ್ಘ ಸರಪಳಿಯ ತುದಿಯನ್ನು ಮಾತ್ರ. ಪೆಟ್ಟಿಗೆಯೊಳಗಿನ ಸಣ್ಣ ಗಣಕಕ್ಕೆ ತಾನಾಗಿ ಗುರುತಿಸಲು ಬರುವುದು ಮುಖ್ಯವಾಗಿ ತನ್ನನ್ನು ಎಬ್ಬಿಸುವ ಕರೆಪದವನ್ನು, ಅಂದರೆ 'ಅಲೆಕ್ಸಾ' ಅಥವಾ 'ಹೇ ಗೂಗಲ್' ಎಂಬುದನ್ನು. ಅದು ಕಿವಿಗೆ ಬಿದ್ದೊಡನೆ ದೀಪ ಹತ್ತುತ್ತದೆ. ಅನಂತರ ಆಡಿದ ಮಾತು ಮನೆಯ ವೈಫೈ ಮೂಲಕ ರೌಟರಿಗೆ, ರೌಟರಿನಿಂದ ಅಂತರಜಾಲ ಸೇವಾದಾರನ ತಂತಿಗೆ, ಅಲ್ಲಿಂದ ದೂರದ ಸರ್ವರ್‌ಗಳಿಗೆ ಹೋಗುತ್ತದೆ. ಅರ್ಥ ಬಿಡಿಸುವ ಕೆಲಸ ಬಹುಮಟ್ಟಿಗೆ ಅಲ್ಲಿ ನಡೆಯುತ್ತದೆ. ಹಾಡು ಕೇಳಿದ್ದರೆ ಸಂಗೀತ ಸಂಸ್ಥೆಯ ಸರ್ವರ್, ದೀಪ ಹಚ್ಚಲು ಹೇಳಿದ್ದರೆ ಬಲ್ಬು ತಯಾರಕನ ಸರ್ವರ್ ಕೂಡ ನಡುವೆ ಸೇರಿಕೊಳ್ಳುತ್ತದೆ. ಉತ್ತರವು ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಇಷ್ಟೆಲ್ಲ ಒಂದೆರಡು ಸೆಕೆಂಡುಗಳಲ್ಲಿ ಮುಗಿಯುವುದರಿಂದ ಉತ್ತರಿಸಿದ್ದು ಪೆಟ್ಟಿಗೆಯೇ ಎಂಬ ಭ್ರಮೆ ಹುಟ್ಟುತ್ತದೆ. ಯಾವ ಕೊಂಡಿ ಕಳಚಿದರೂ ಮನೆಯವರಿಗೆ ಕಾಣುವುದು ಒಂದೇ ಲಕ್ಷಣ, ಮೌನ.

ತಾಳೆಪಟ್ಟಿಯ ಎರಡು ಬದಿಗಳು ಹೊಂದದಿದ್ದಾಗ ಅನುಭವಿ ಗುಮಾಸ್ತನು ವರ್ಷದ ಮೊದಲ ವೋಚರಿನಿಂದ ಪರಿಶೀಲನೆ ಆರಂಭಿಸುವುದಿಲ್ಲ. ವ್ಯತ್ಯಾಸದ ಮೊತ್ತವು 9ರಿಂದ ನಿಶ್ಶೇಷವಾಗಿ ಭಾಗವಾಗುವುದೇ ಎಂದು ಮೊದಲು ನೋಡುತ್ತಾನೆ. ಆದರೆ, ಅಂಕಿಗಳು ಹಿಂದುಮುಂದಾಗಿರುವ ಸಂಭವ ಹೆಚ್ಚು. ಬಳಿಕ ಆ ಮೊತ್ತದ ಅರ್ಧದಷ್ಟು ಮೊಬಲಗು ಎಲ್ಲಾದರೂ ಇದೆಯೇ ಎಂದು ಹುಡುಕುತ್ತಾನೆ; ಇದ್ದರೆ, ಅದು ತಪ್ಪು ಬದಿಗೆ ಬರೆಯಲ್ಪಟ್ಟಿರಬಹುದು. ಹೀಗೆ ಒಂದೆರಡು ಅಗ್ಗದ ಪ್ರಶ್ನೆಗಳಿಂದ ಹುಡುಕಾಟದ ಕ್ಷೇತ್ರ ಕಿರಿದಾಗುತ್ತದೆ. ಮೌನ ತಾಳಿದ ಸ್ಪೀಕರಿಗೂ ಅಂತಹ ಒಂದು ಪ್ರಶ್ನೆ ಇದೆ.

ದೀಪ ಹತ್ತಿತೇ?

ಕರೆಪದವನ್ನು ಹೇಳಿದಾಗ ದೀಪ ಹತ್ತಿತೇ ಇಲ್ಲವೇ ಎಂಬುದೇ ಆ ಪ್ರಶ್ನೆ. ಹತ್ತಿದರೆ ವಿದ್ಯುತ್ತು, ಮೈಕು ಮತ್ತು ಒಳಗಿನ ಗಣಕ ಸರಿಯಾಗಿವೆ ಎಂದಾಯಿತು. ದೋಷವನ್ನು ಪೆಟ್ಟಿಗೆಯ ಹೊರಗೆ ಹುಡುಕಬೇಕು. ಹತ್ತದಿದ್ದರೆ ದೋಷ ಪೆಟ್ಟಿಗೆಯಲ್ಲಿ ಅಥವಾ ಅದರ ಒಂದು ಮಾರಿನೊಳಗೆ ಇದೆ. ಅಂತರಜಾಲ ಸಂಪೂರ್ಣ ಕಡಿದುಹೋಗಿದ್ದರೂ ಕರೆಪದಕ್ಕೆ ದೀಪ ಹತ್ತಬಲ್ಲದು. ಇದನ್ನು ತಿಳಿಯದೆ ದೀಪವೇ ಹತ್ತದ ಸ್ಪೀಕರಿಗಾಗಿ ರೌಟರನ್ನು ಹತ್ತು ಬಾರಿ ಆರಿಸಿ ಹಚ್ಚುವವರೂ, ದೀಪ ಹತ್ತಿಯೂ ಉತ್ತರಿಸದ ಸ್ಪೀಕರಿನ ಅಡಾಪ್ಟರನ್ನು ಬದಲಾಯಿಸುವವರೂ ಇದ್ದಾರೆ.

ದೀಪದ ಬಣ್ಣವೂ ಒಂದು ಭಾಷೆ. ಎಕೋ ಮಾದರಿಗಳಲ್ಲಿ ಸ್ಥಿರವಾದ ಕೆಂಪು ಬಣ್ಣವು ಮೈಕನ್ನು ಯಾರೋ ಬಂದ್ ಮಾಡಿದ್ದಾರೆಂಬುದರ ಸೂಚನೆ. ತಿರುಗುವ ಕಿತ್ತಳೆ ಬಣ್ಣವು ಪೆಟ್ಟಿಗೆ ವೈಫೈ ಸಂಪರ್ಕಕ್ಕಾಗಿ ಕಾಯುತ್ತಿರುವುದನ್ನು ಹೇಳುತ್ತದೆ. ಬಿಟ್ಟು ಬಿಟ್ಟು ಮಿನುಗುವ ಹಳದಿ ದೋಷವಲ್ಲ. ಯಾವುದೋ ಸಂದೇಶ ಬಂದಿದೆ ಎಂದಷ್ಟೇ. ಕ್ಷಣಕಾಲ ನೇರಳೆ ಹೊಳೆದರೆ 'ತೊಂದರೆ ಕೊಡಬೇಡಿ' ಎಂಬ ವ್ಯವಸ್ಥೆ ಚಾಲನೆಯಲ್ಲಿರಬಹುದು. ಅಂಗಡಿಯಿಂದ ಮಾಡಿದ ಕರೆ ಮನೆಯಲ್ಲಿ ಸದ್ದು ಮಾಡದಿರಲು ಇದೇ ಕಾರಣವಾಗಿರುವುದುಂಟು. ಗೂಗಲ್‌ನ ಸ್ಪೀಕರ್‌ಗಳಲ್ಲಿ ಮೈಕ್ ಬಂದ್ ಆಗಿದ್ದರೆ ಕಿತ್ತಳೆ ಬಣ್ಣ ಕಾಣುತ್ತದೆ. ಒಂದು ಕಂಪನಿಯ ಕಿತ್ತಳೆಯನ್ನು ಇನ್ನೊಂದರ ಕಿತ್ತಳೆಯೆಂದು ಓದಿದರೆ ದಾರಿ ತಪ್ಪುತ್ತದೆ.

ದೀಪ ಹತ್ತದಿದ್ದಾಗ

ಮೊದಲ ಅಪರಾಧಿ ಮೈಕ್ ಗುಂಡಿ. ಎಕೋ ಸ್ಪೀಕರಿನ ನೆತ್ತಿಯ ಮೇಲಿರುವ ಈ ಗುಂಡಿ ಧೂಳು ಒರೆಸುವಾಗಲೋ, ಮಕ್ಕಳ ಕೈಗೆ ಸಿಕ್ಕಾಗಲೋ ಒತ್ತಿಹೋಗುತ್ತದೆ. ಒಮ್ಮೆ ಒತ್ತಿದ ಮೇಲೆ ಎಷ್ಟು ಗಟ್ಟಿಯಾಗಿ ಕೂಗಿದರೂ ಪ್ರಯೋಜನವಿಲ್ಲ. ಕೇಳಿಸಿಕೊಳ್ಳುವ ಮಾರ್ಗವೇ ಮುಚ್ಚಿರುತ್ತದೆ.

ಎರಡನೆಯದು ಅಡಾಪ್ಟರ್. ಮೈಕ್ರೋ ಯುಎಸ್‌ಬಿ ಬಾಯಿಯ ಎರಡನೆಯ ಪೀಳಿಗೆಯ ಎಕೋ ಡಾಟ್‌ಗೆ ಸುಮಾರು 9 ವ್ಯಾಟ್‌ಗಳ ಅಡಾಪ್ಟರನ್ನು ಕೊಡಲಾಗುತ್ತಿತ್ತು. ಅದು ಕಳೆದುಹೋದಾಗ ಮನೆಯಲ್ಲಿ ಬಿದ್ದಿರುವ 5 ವ್ಯಾಟ್‌ನ ಹಳೆಯ ಮೊಬೈಲ್ ಚಾರ್ಜರ್ ಆ ಜಾಗಕ್ಕೆ ಬರುತ್ತದೆ. ದೀಪ ಹತ್ತುತ್ತದೆ, ಮೆಲುದನಿಯಲ್ಲಿ ಉತ್ತರವೂ ಬರುತ್ತದೆ. ಧ್ವನಿ ಏರಿಸಿದೊಡನೆ ಬೇಡಿದ ವಿದ್ಯುತ್ತು ಸಿಗದೆ ಪೆಟ್ಟಿಗೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಇದನ್ನು ಒಳಗಿನ ಬೋರ್ಡಿನ ದೋಷವೆಂದು ತಿಳಿಯುವುದು ಸಾಮಾನ್ಯ. ದುಂಡು ಪಿನ್ನಿನ ಮಾದರಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ರೌಟರ್, ಸೆಟ್‌ಟಾಪ್ ಬಾಕ್ಸ್, ಸ್ಪೀಕರ್ ಮೂರಕ್ಕೂ ಒಂದೇ ತೆರನಾಗಿ ಕಾಣುವ ಪಿನ್ನುಗಳಿರಬಹುದು, ಆದರೆ ವೋಲ್ಟೇಜ್ ಬೇರೆ ಬೇರೆ. ಪಿನ್ನು ಹೊಂದಿತೆಂದ ಮಾತ್ರಕ್ಕೆ ಅಡಾಪ್ಟರ್ ಹೊಂದುವುದಿಲ್ಲ. ಎರಡರ ಮೇಲೂ ಮುದ್ರಿಸಿರುವ ಅಂಕಿಗಳನ್ನು ತಾಳೆ ನೋಡಿಯೇ ಸಿಕ್ಕಿಸಬೇಕು.

ಮೂರನೆಯದು ಇಟ್ಟ ಜಾಗ. ಗೋಡೆ ಮತ್ತಿತರ ವಸ್ತುಗಳಿಂದ ಕನಿಷ್ಠ 20 ಸೆಂಟಿಮೀಟರ್ ದೂರವಿರಲಿ ಎಂದು ಎಕೋ ತಯಾರಕರು ಸೂಚಿಸುತ್ತಾರೆ. ನಮ್ಮ ಮನೆಗಳಲ್ಲಿ ಅದಕ್ಕೆ ದೊರೆಯುವ ಸ್ಥಾನವಾದರೋ ಶೋಕೇಸಿನ ಗಾಜಿನ ಬಾಗಿಲ ಹಿಂದೆ, ಟಿವಿಯ ಪಕ್ಕದಲ್ಲಿ, ಅಥವಾ ಮಿಕ್ಸಿಯ ನೆರೆಯಲ್ಲಿ. ಧೂಳು ಬೀಳದಿರಲೆಂದು ಹೊದಿಸಿದ ಕಸೂತಿ ಬಟ್ಟೆ ಮೈಕಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಫ್ಯಾನು, ಟಿವಿ, ಮಿಕ್ಸಿ ಮೂರನ್ನೂ ನಿಲ್ಲಿಸಿ, ಎರಡಡಿ ದೂರದಿಂದ ಸಹಜ ಧ್ವನಿಯಲ್ಲಿ ಕರೆದಾಗ ದೀಪ ಹತ್ತಿದರೆ ಪೆಟ್ಟಿಗೆಯನ್ನು ದೂರಲು ಕಾರಣವಿಲ್ಲ.

ಇವಿಷ್ಟೂ ಸರಿಯಿದ್ದು ಕರೆ ಕೇಳದಿದ್ದರೆ ಕರೆಪದವೇ ಬದಲಾಗಿರಬಹುದು. ಅಲೆಕ್ಸಾ ಆ್ಯಪ್‌ನಲ್ಲಿ 'ಅಲೆಕ್ಸಾ' ಎಂಬುದರ ಬದಲು 'ಎಕೋ', 'ಅಮೆಜಾನ್' ಮೊದಲಾದ ಪದಗಳನ್ನು ಆರಿಸಿಕೊಳ್ಳುವ ಅವಕಾಶವಿದೆ. ಮನೆಯ ಮಕ್ಕಳು ಆರಿಸಿಕೊಂಡಿದ್ದು ಹಿರಿಯರಿಗೆ ತಿಳಿಯದೇ ಹೋಗಬಹುದು.

ದೀಪ ಹತ್ತಿಯೂ ಉತ್ತರ ಬಾರದಿದ್ದಾಗ

ಈ ವರ್ಗದ ದೂರುಗಳಲ್ಲೇ ಕಾರಣಗಳ ವೈವಿಧ್ಯ ಹೆಚ್ಚು. ಮೊಬೈಲಿನ ಡೇಟಾವನ್ನು ಬಂದ್ ಮಾಡಿ, ಅದೇ ವೈಫೈನಲ್ಲಿ ಯಾವುದಾದರೊಂದು ಹೊಸ ಪುಟ ತೆರೆಯುವುದೇ ಎಂದು ನೋಡುವುದು ಮೊದಲ ಪರೀಕ್ಷೆ. ಡೇಟಾ ಬಂದ್ ಮಾಡುವುದನ್ನು ಮರೆತರೆ ಪರೀಕ್ಷೆಯೇ ವ್ಯರ್ಥ. ವೈಫೈ ಸೋತಾಗ ಮೊಬೈಲ್ ಸದ್ದಿಲ್ಲದೆ ತನ್ನ ಡೇಟಾಕ್ಕೆ ಹೊರಳುತ್ತದೆ. ಪುಟ ತೆರೆಯದಿದ್ದರೆ ತಂತಿ ಕಡಿದಿರಬಹುದು, ಇಲ್ಲವೇ ಪ್ಲಾನಿನ ಅವಧಿ ಮುಗಿದಿರಬಹುದು. ಅವಧಿ ಮುಗಿದಾಗಲೂ ವೈಫೈ ಗುರುತು ಪೂರ್ಣವಾಗಿಯೇ ಕಾಣುತ್ತಿರುತ್ತದೆ. ಪಾವತಿಯಾಗದ ಬಿಲ್ಲನ್ನು ಸ್ಪೀಕರಿನ ಕಾಯಿಲೆಯೆಂದು ಭಾವಿಸಿದ ಮನೆಗಳು ಕಡಿಮೆಯೇನಿಲ್ಲ.

ವಿದ್ಯುತ್ ಕಡಿತವು ತರುವ ತೊಡಕೊಂದು ನಮ್ಮ ಊರುಗಳಿಗೇ ವಿಶಿಷ್ಟವಾದುದು. ಸ್ಪೀಕರಿರುವ ಹಜಾರದ ಸಾಕೆಟ್ ಯುಪಿಎಸ್ ಲೈನಿನಲ್ಲಿದ್ದು, ರೌಟರಿರುವ ಮೂಲೆ ಅದರಲ್ಲಿ ಇಲ್ಲದಿದ್ದರೆ, ಕರೆಂಟು ಹೋದಾಗ ಪೆಟ್ಟಿಗೆ ಎಚ್ಚರವಾಗಿರುತ್ತದೆ, ದಾರಿ ಮಾತ್ರ ಮುಚ್ಚಿರುತ್ತದೆ. ಕರೆಂಟು ಬಂದ ಮೇಲೂ ಫೈಬರ್ ಪೆಟ್ಟಿಗೆ ಹಾಗೂ ರೌಟರ್ ಸಿದ್ಧವಾಗಲು ಕೆಲವು ನಿಮಿಷಗಳು ಬೇಕು. ಅಷ್ಟರಲ್ಲಿ ಸಂಪರ್ಕಕ್ಕೆ ಯತ್ನಿಸಿ ಸೋತ ಸ್ಪೀಕರ್ ಕೆಲವೊಮ್ಮೆ ಹಾಗೆಯೇ ಉಳಿದುಬಿಡುತ್ತದೆ. ಆದ್ದರಿಂದ ಮರುಚಾಲನೆಗೂ ಒಂದು ಕ್ರಮವಿದೆ: ಮೊದಲು ರೌಟರ್, ಮೊಬೈಲಿನಲ್ಲಿ ಪುಟ ತೆರೆದ ಮೇಲೆ ಸ್ಪೀಕರ್. ಪ್ಲಗ್ ತೆಗೆದು ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿದರೆ ಸಾಕು. ರೌಟರನ್ನೂ ಯುಪಿಎಸ್ ಲೈನಿಗೆ ಸೇರಿಸಿದರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ. ಅದಕ್ಕೆ ತಗಲುವುದು ಎಲೆಕ್ಟ್ರಿಷಿಯನ್ನನ ಅರ್ಧ ದಿನದ ಕೂಲಿ.

ಮಳೆಗಾಲದ ಸಿಡಿಲಿಗೆ ಸುಟ್ಟ ರೌಟರನ್ನು ಸೇವಾದಾರನ ಸಿಬ್ಬಂದಿ ಬದಲಾಯಿಸಿ ಹೋದ ಮೇಲೆ ಮನೆಯ ಸ್ಪೀಕರ್, ಬಲ್ಬು, ಪ್ಲಗ್‌ಗಳೆಲ್ಲ ಏಕಕಾಲಕ್ಕೆ ಅನಾಥವಾಗುತ್ತವೆ. ಹೊಸ ರೌಟರಿಗೆ ಹೊಸ ಹೆಸರು, ಹೊಸ ಪಾಸ್‌ವರ್ಡ್. ಹಳೆಯ ಉಪಕರಣಗಳು ಹಳೆಯ ಹೆಸರನ್ನೇ ಹುಡುಕುತ್ತಿರುತ್ತವೆ. ಒಂದೊಂದನ್ನೂ ಮತ್ತೆ ಜೋಡಿಸುವ ಬದಲು, ಹೊಸ ರೌಟರಿಗೆ ಹಳೆಯ ಹೆಸರು ಮತ್ತು ಹಳೆಯ ಪಾಸ್‌ವರ್ಡನ್ನೇ ಅಕ್ಷರಶಃ ಇಟ್ಟರೆ ಅವು ಸಾಮಾನ್ಯವಾಗಿ ತಾವಾಗಿಯೇ ಸೇರಿಕೊಳ್ಳುತ್ತವೆ. ಸೇರದಿದ್ದರೆ ರೌಟರಿನ ಭದ್ರತಾ ವಿಧಾನವನ್ನು ನೋಡಬೇಕು. ಹೊಸ ಡಬ್ಲ್ಯುಪಿಎ3 ವಿಧಾನವನ್ನು ಅರಿಯದ ಹಳೆಯ ಉಪಕರಣಗಳು ಡಬ್ಲ್ಯುಪಿಎ2ಗೆ ಬದಲಾಯಿಸಿದಾಗ ಬಂದು ಸೇರುತ್ತವೆ. ಅಲ್ಲದೆ, ಸ್ಮಾರ್ಟ್ ಪ್ಲಗ್ ಹಾಗೂ ಬಲ್ಬುಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಬಲ್ಲವು. 5 ಗಿಗಾಹರ್ಟ್ಸ್ ವೇಗವಾಗಿದ್ದರೂ ಇಟ್ಟಿಗೆ ಗೋಡೆಗಳನ್ನು ದಾಟುವುದರಲ್ಲಿ ದುರ್ಬಲ. ಹಿಂದಿನ ಕೋಣೆಯ ಸ್ಪೀಕರ್ ಪದೇ ಪದೇ ಸಂಪರ್ಕ ಕಳೆದುಕೊಳ್ಳುತ್ತಿದ್ದರೆ ಅದನ್ನು 2.4ಕ್ಕೆ ಜೋಡಿಸಿ ನೋಡಬೇಕು.

ಅಂತರಜಾಲ ಸರಿಯಿದ್ದು, ದೀಪವೂ ಹತ್ತಿ, ಕೆಲಸ ಮಾತ್ರ ಆಗದಿದ್ದಾಗ ನೆರವಿಗೆ ಬರುವುದು ಆ್ಯಪ್‌ನೊಳಗಿನ ಧ್ವನಿ ಇತಿಹಾಸ. ಇದನ್ನು ಪೆಟ್ಟಿಗೆಯ ದಿನವಹಿ ಎನ್ನಬಹುದು. ಯಾವ ವೇಳೆಗೆ ಯಾವ ಮಾತನ್ನು ಕೇಳಿಸಿಕೊಂಡಿತು ಎಂಬುದು ಅಲ್ಲಿ ಅಕ್ಷರರೂಪದಲ್ಲಿ ನಮೂದಾಗಿರುತ್ತದೆ. ಕೇಳಿದ ಮಾತು ಅಲ್ಲಿ ಇಲ್ಲವೇ ಇಲ್ಲವೆಂದರೆ ಅದು ಸರ್ವರಿಗೆ ತಲುಪಿಯೇ ಇಲ್ಲ. ಇದ್ದು, ಪದಗಳು ಬೇರೆಯಾಗಿದ್ದರೆ ಕೇಳಿಸಿಕೊಳ್ಳುವಲ್ಲಿ ತಪ್ಪಾಗಿದೆ. ಪದಗಳೂ ಸರಿಯಾಗಿದ್ದು ಕೆಲಸ ನಡೆದಿಲ್ಲವೆಂದರೆ ದೋಷ ಮುಂದಿನ ಕೊಂಡಿಯಲ್ಲಿದೆ: ಸಂಗೀತ ಸೇವೆಯ ಚಂದಾ ಮುಗಿದಿದೆ, ಬಲ್ಬಿನ ಕಂಪನಿಯ ಖಾತೆಯ ಪಾಸ್‌ವರ್ಡ್ ಬದಲಾಗಿದೆ, ಅಥವಾ ಎಲ್ಲಕ್ಕಿಂತ ಸರಳವಾಗಿ, ಗೋಡೆಯ ಸ್ವಿಚ್ಚನ್ನು ಯಾರೋ ರೂಢಿಯಂತೆ ಆರಿಸಿದ್ದಾರೆ. ಕೋಣೆಯಿಂದ ಹೊರಬರುವಾಗ ಸ್ವಿಚ್ ಆರಿಸುವುದನ್ನು ಕಲಿಸಿ ಬೆಳೆಸಿದ ಮನೆಗಳಲ್ಲಿ ಸ್ಮಾರ್ಟ್ ಬಲ್ಬಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಕೇಳಿದ್ದು ನಮೂದಾಗಿದೆ, ಉತ್ತರ ಕೊಟ್ಟದ್ದೂ ನಮೂದಾಗಿದೆ, ಕಿವಿಗೆ ಮಾತ್ರ ಏನೂ ಬೀಳಲಿಲ್ಲ ಎಂದಾದರೆ ಧ್ವನಿಯ ಮಟ್ಟ ತೀರಾ ಕೆಳಗಿದೆ, ಇಲ್ಲವೇ ಬ್ಲೂಟೂತ್ ಮೂಲಕ ಧ್ವನಿಯು ಬೇರೊಂದು ಸ್ಪೀಕರಿಗೆ ಹೋಗುತ್ತಿದೆ. ಒಂದಕ್ಕಿಂತ ಹೆಚ್ಚು ಎಕೋ ಇರುವ ಮನೆಯಲ್ಲಿ ಕರೆ ಸ್ಪಷ್ಟವಾಗಿ ಕೇಳಿಸಿದ ಒಂದು ಮಾತ್ರ ಉತ್ತರಿಸುವ ವ್ಯವಸ್ಥೆಯಿದೆ. ಮುಂದಿರುವುದು ಸುಮ್ಮನಿದ್ದು ಮಲಗುವ ಕೋಣೆಯದು ಉತ್ತರಿಸಿರಬಹುದು.

ಈ ದಿನವಹಿಗೆ ಇನ್ನೊಂದು ಮುಖವೂ ಇದೆ. ಮಕ್ಕಳ ಧ್ವನಿ ಮುದ್ರಿಕೆಗಳನ್ನು ಉಳಿಸಿಕೊಂಡ ಆರೋಪಕ್ಕೆ ಸಂಬಂಧಿಸಿ 2023ರಲ್ಲಿ ಅಮೆರಿಕದಲ್ಲಿ ಅಮೆಜಾನ್ 2.5 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ದರ, ರಿಯಾಯಿತಿ, ಬಾಕಿ ವಸೂಲಿಯ ಮಾತುಗಳನ್ನು ಊಟದ ಮೇಜಿನಲ್ಲೇ ಆಡುವ ವರ್ತಕ ಕುಟುಂಬಗಳು ಆ ಇತಿಹಾಸವನ್ನು ಆಗಾಗ ಅಳಿಸುವುದು ಒಳ್ಳೆಯದು. ಮೈಕ್ ಗುಂಡಿ ಇರುವುದೂ ಇದೇ ಉದ್ದೇಶಕ್ಕೆ.

ದೋಷ ಕಡಲಾಚೆ ಇದ್ದಾಗ

2025ರ ಅಕ್ಟೋಬರ್ 20ರಂದು, ಇಲ್ಲಿ ನರಕಚತುರ್ದಶಿಯ ಮಧ್ಯಾಹ್ನದ ವೇಳೆಗೆ, ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ವೆಬ್ ಸರ್ವಿಸಸ್‌ನ ಕೇಂದ್ರಗಳಲ್ಲಿ ವ್ಯತ್ಯಯ ಆರಂಭವಾಯಿತು. ದತ್ತಾಂಶ ಸೇವೆಯೊಂದರ ವಿಳಾಸಪಟ್ಟಿಯನ್ನು ನಿರ್ವಹಿಸುವ ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಎರಡು ಪ್ರಕ್ರಿಯೆಗಳು ಒಂದನ್ನೊಂದು ತುಳಿದು, ಆ ಸೇವೆಯ ವಿಳಾಸವೇ ಖಾಲಿಯಾಯಿತು. ಸಾವಿರಾರು ಕಂಪನಿಗಳ ಸೇವೆಗಳ ಜೊತೆಗೆ ಅಲೆಕ್ಸಾ ಕೂಡ ಹಲವು ದೇಶಗಳ ಮನೆಗಳಲ್ಲಿ ಮೌನವಾಯಿತು. ಆ ದಿನ ಪ್ಲಗ್ ತೆಗೆದು ಹಾಕಿದವರೆಲ್ಲರ ಶ್ರಮ ವ್ಯರ್ಥವಾಗಿತ್ತು. ಹಾಗಾಗಿ ಪೆಟ್ಟಿಗೆಗೆ ಕೈ ಹಚ್ಚುವ ಮುನ್ನ ಅದೇ ಕಂಪನಿಯ ಸ್ಪೀಕರಿರುವ ನೆರೆಮನೆಯವರನ್ನೋ ಬಂಧುಗಳನ್ನೋ ಒಂದು ಮಾತು ಕೇಳುವುದು ಲೇಸು. ಎಲ್ಲರಲ್ಲೂ ಮೌನವಿದ್ದರೆ ಕಾಯುವುದೇ ಚಿಕಿತ್ಸೆ.

ಇನ್ನೂ ಬೋಧಪ್ರದವಾದುದು ಅದೇ ವರ್ಷದ ಮಾರ್ಚ್ ತಿಂಗಳ ಪ್ರಸಂಗ. ಗೂಗಲ್‌ನ ಎರಡನೆಯ ಪೀಳಿಗೆಯ ಕ್ರೋಮ್‌ಕಾಸ್ಟ್ ಹಾಗೂ ಕ್ರೋಮ್‌ಕಾಸ್ಟ್ ಆಡಿಯೋ ಉಪಕರಣಗಳ ಒಳಗಿದ್ದ ಡಿಜಿಟಲ್ ಪ್ರಮಾಣಪತ್ರವೊಂದರ ಅವಧಿ ಮುಗಿದು, ಜಗತ್ತಿನಾದ್ಯಂತ ಅವು ಒಮ್ಮೆಲೇ ಕೆಲಸ ನಿಲ್ಲಿಸಿದವು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ನವೀಕರಣವಾಗದ ಲೈಸೆನ್ಸಿನಿಂದ ಅಂಗಡಿಯ ಬಾಗಿಲು ಮುಚ್ಚಿದಂತೆ. ಫ್ಯಾಕ್ಟರಿ ರಿಸೆಟ್ ಮಾಡಬೇಡಿ ಎಂದು ಕಂಪನಿಯು ಬಳಕೆದಾರರನ್ನು ಎಚ್ಚರಿಸಿತು. ಕೆಲವು ದಿನಗಳಲ್ಲಿ ಪರಿಹಾರ ಬಂದಾಗ ಸುಮ್ಮನೆ ಕಾದವರ ಉಪಕರಣಗಳು ತಾವಾಗಿಯೇ ಚೇತರಿಸಿಕೊಂಡವು. ಅವಸರದಲ್ಲಿ ರಿಸೆಟ್ ಮಾಡಿದವರು ಮರುಜೋಡಣೆಗಾಗಿ ಇನ್ನಷ್ಟು ಕಾಯಬೇಕಾಯಿತು.

ರಿಸೆಟ್ ಕೊನೆಯ ಅಸ್ತ್ರವಾಗಬೇಕೇ ಹೊರತು ಮೊದಲನೆಯದಾಗಬಾರದು. ಎಕೋ ಡಾಟ್‌ನ ಮೂರನೆಯ ಪೀಳಿಗೆಯಿಂದ ಈಚಿನವುಗಳಲ್ಲಿ ಚುಕ್ಕೆಯ ಗುರುತಿನ ಗುಂಡಿಯನ್ನು ಸುಮಾರು 25 ಸೆಕೆಂಡು ಒತ್ತಿ ಹಿಡಿದರೆ ಪೆಟ್ಟಿಗೆ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಗೂಗಲ್ ನೆಸ್ಟ್ ಮಿನಿಯಲ್ಲಿ ಮೈಕ್ ಸ್ವಿಚ್ಚನ್ನು ಬಂದ್ ಮಾಡಿ, ನೆತ್ತಿಯ ಮಧ್ಯಭಾಗವನ್ನು ಸುಮಾರು 15 ಸೆಕೆಂಡು ಒತ್ತಬೇಕು. ಹಾಗೆ ಮಾಡಿದ ಮೇಲೆ ವೈಫೈ, ಖಾತೆ ಎಲ್ಲವನ್ನೂ ಹೊಸದಾಗಿ ಜೋಡಿಸಬೇಕಾಗುತ್ತದೆ. ಖಾತೆಯ ಪಾಸ್‌ವರ್ಡ್ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗನ ಬಳಿ ಇದ್ದರೆ ಹಿರಿಯರು ಅವನ ಫೋನಿಗಾಗಿ ಕಾಯಬೇಕು.

ಮಾತ್ರೆಯ ವೇಳೆಗೆ ಈ ಪೆಟ್ಟಿಗೆಯೊಂದನ್ನೇ ನಂಬುವುದು ಸಲ್ಲದು. ಒಂಟಿಯಾಗಿರುವ ತಾಯಿ ತಂದೆಯರ ಬಳಿ ಸಾಧಾರಣ ಅಲಾರಾಂ ಗಡಿಯಾರವೂ, ಗುಂಡಿ ಒತ್ತುವ ಫೋನೂ ಇರಲಿ. ಗೀಸರ್ ಆರಿಸುವ ಗೋಡೆಯ ಸ್ವಿಚ್ ಸುಲಭವಾಗಿ ಕೈಗೆ ಎಟುಕುವಂತಿರಲಿ.

ಕನ್ನಡದ ಹೆಸರು, ಇಂಗ್ಲಿಷಿನ ಕಿವಿ

ಅಲೆಕ್ಸಾ ಭಾರತಕ್ಕೆ ಬಂದಾಗ ಅದರ ಭಾಷೆ ಇಂಗ್ಲಿಷ್. 2019ರಲ್ಲಿ ಹಿಂದಿ ಸೇರಿತು. ಕನ್ನಡದ ಹಾಡು, ಗಾಯಕರು, ಚಿತ್ರಗಳ ಹೆಸರುಗಳನ್ನು ಕೇಳಿದಾಗ ಆ ಕಿವಿಗೆ ಅವು ಇನ್ನೇನೋ ಆಗಿ ಕೇಳಿಸುತ್ತವೆ. ಹತ್ತು ಸಲ ಕೇಳಿಯೂ ಬೇರೆಯೇ ಹಾಡು ಬಂದಾಗ ಪೆಟ್ಟಿಗೆ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ಸಂಗೀತದ ಆ್ಯಪ್‌ನಲ್ಲಿ ಬೇಕಾದ ಕನ್ನಡ ಹಾಡುಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಸೇರಿಸಿ, ಆ ಪಟ್ಟಿಗೆ 'ಮಾರ್ನಿಂಗ್ ಒನ್' ಎಂಬಂತಹ ಸರಳ ಇಂಗ್ಲಿಷ್ ಹೆಸರಿಟ್ಟು ಕರೆಯುವುದು ಸದ್ಯಕ್ಕೆ ಫಲ ಕೊಡುವ ಉಪಾಯ. ತಾಯ್ನುಡಿಯ ಹಾಡು ಕೇಳಲು ಪರನುಡಿಯ ಹೆಸರು ಹಿಡಿಯಬೇಕಾಗಿರುವುದು ವಿಷಾದಕರವಾದರೂ ವಾಸ್ತವ.

ಕೌಂಟರಿನ ಈಚೆ ಬದಿ

ಎಲೆಕ್ಟ್ರಾನಿಕ್ಸ್ ವರ್ತಕರಿಗೆ ಮೇಲಿನ ಪರೀಕ್ಷೆಗಳು ನೇರವಾಗಿ ಲಾಭನಷ್ಟದ ವಿಷಯ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಕಲಂ 2(47)ರ ಪ್ರಕಾರ, ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. 'ದೋಷಯುಕ್ತ' ಎಂಬ ಪದದ ಮೇಲೆಯೇ ಇಲ್ಲಿ ಎಲ್ಲವೂ ನಿಂತಿದೆ. ಗ್ರಾಹಕನ ಮನೆಯ ಪ್ಲಾನ್ ಮುಗಿದಿರುವುದು ಸರಕಿನ ದೋಷವಲ್ಲ. ಆದರೆ ಅದನ್ನು ತೋರಿಸಿಕೊಡಬೇಕಾದವನು ವರ್ತಕ. ಕೌಂಟರಿನಲ್ಲಿ ಸರಿಯಾದ ಅಡಾಪ್ಟರ್ ಒಂದು, ಹಾಟ್‌ಸ್ಪಾಟ್ ತೆರೆಯಲು ಒಂದು ಮೊಬೈಲ್ ಇಟ್ಟುಕೊಂಡು, ಗ್ರಾಹಕನ ಎದುರಿಗೇ ಅವನ ಆ್ಯಪ್‌ನಿಂದ ಸ್ಪೀಕರನ್ನು ಆ ಹಾಟ್‌ಸ್ಪಾಟಿಗೆ ಜೋಡಿಸಿ ಉತ್ತರ ಬರಿಸಿದರೆ ವಿವಾದ ಅಲ್ಲಿಗೇ ಮುಗಿಯುತ್ತದೆ. ಉತ್ತರ ಬಾರದಿದ್ದರೆ ದೋಷ ಪೆಟ್ಟಿಗೆಯದೇ. ಆಗ ವಾದಕ್ಕಿಳಿಯದೆ ಬದಲಾಯಿಸಿ ಕೊಡುವುದೇ ಮರ್ಯಾದೆ.

ಅದೇ ಕಲಂ ಬಾಯಿಮಾತಿನ ಸುಳ್ಳು ಭರವಸೆಯನ್ನೂ ಅನುಚಿತ ವ್ಯಾಪಾರ ಪದ್ಧತಿಯೆಂದೇ ಎಣಿಸುತ್ತದೆ. 'ಕನ್ನಡದಲ್ಲೇ ಮಾತಾಡುತ್ತೆ ಸರ್, ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತೆ' ಎಂದು ಉತ್ಸಾಹದಲ್ಲಿ ಹೇಳುವ ಸೇಲ್ಸ್‌ಮನ್‌ಗೆ ಮಾಲೀಕರು ಇದನ್ನು ತಿಳಿಸಿ ಹೇಳಬೇಕು.

ತೆರಿಗೆಯ ಅಂಶವನ್ನೂ ಗಮನಿಸಬೇಕು. ಸರಕು ಹಿಂದಿರುಗಿ ಹಣ ಮರಳಿಸಿದಾಗ ಜಿಎಸ್‌ಟಿ ಕಾಯಿದೆಯ ಕಲಂ 34ರಂತೆ ಕ್ರೆಡಿಟ್ ನೋಟ್ ನೀಡಿ, ಅದನ್ನು ಮಾರಾಟದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಣೆ ಸಲ್ಲಿಸಿದ ದಿನ, ಇವುಗಳಲ್ಲಿ ಮೊದಲು ಬರುವ ದಿನಾಂಕದೊಳಗೆ ಘೋಷಿಸಬೇಕು. ವಾರಂಟಿಯ ಅಡಿಯಲ್ಲಿ ಉಚಿತವಾಗಿ ಬಿಡಿಭಾಗ ಬದಲಾಯಿಸಿದಾಗ ಗ್ರಾಹಕನಿಂದ ಹೆಚ್ಚುವರಿ ಹಣ ಪಡೆಯದಿದ್ದರೆ ತೆರಿಗೆ ಇಲ್ಲ, ತಯಾರಕನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು ಹಿಂತಿರುಗಿಸಬೇಕಾಗಿಯೂ ಇಲ್ಲ ಎಂದು 2023ರ ಜುಲೈ 17ರ 195ನೆಯ ಸುತ್ತೋಲೆ ಸ್ಪಷ್ಟಪಡಿಸಿತು; ಇಡೀ ಸರಕನ್ನೇ ಬದಲಾಯಿಸಿದಾಗಲೂ ಇದೇ ನಿಯಮವೆಂದು 2024ರ ಜೂನ್ 26ರ 216ನೆಯ ಸುತ್ತೋಲೆ ವಿಸ್ತರಿಸಿತು. ಸ್ಪೀಕರಿನ ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲೇ ನಮೂದಿಸುವ ಪರಿಪಾಠವಿದ್ದರೆ ಯಾವ ಪೆಟ್ಟಿಗೆ ಯಾವಾಗ ಯಾರಿಗೆ ಹೋಯಿತೆಂಬ ಪ್ರಶ್ನೆ ಏಳುವುದಿಲ್ಲ. ಇನ್ನು, ಮನೆಗೆ ಕೊಂಡ ಸ್ಪೀಕರಿಗೆ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಹಾಕಿಸಿ ಕ್ರೆಡಿಟ್ ಪಡೆಯುವವರಿಗೆ ಕಲಂ 17(5)(ಜಿ) ನೆನಪಿರಲಿ. ವೈಯಕ್ತಿಕ ಬಳಕೆಯ ಸರಕಿಗೆ ಕ್ರೆಡಿಟ್ ಇಲ್ಲ. ಹಜಾರದಲ್ಲಿ ಸುಪ್ರಭಾತ ಹಾಡುವ ಪೆಟ್ಟಿಗೆಯನ್ನು ಕಚೇರಿಯ ಸಾಧನವೆಂದು ಒಪ್ಪಿಸುವುದು ಕಷ್ಟ.

ಪೆಟ್ಟಿಗೆಯ ಆಯುಷ್ಯ

ಉಪಕರಣದ ಆಯುಷ್ಯವು ಅದರ ಬೋರ್ಡಿಗಿಂತ ಅದನ್ನು ಆಧರಿಸಿರುವ ಸೇವೆಯ ಆಯುಷ್ಯವನ್ನು ಅವಲಂಬಿಸಿದೆ. ಹರ್ಮನ್ ಕಾರ್ಡನ್ ತಯಾರಿಸಿದ 'ಇನ್ವೋಕ್' ಸ್ಪೀಕರ್ ಮೈಕ್ರೋಸಾಫ್ಟ್‌ನ ಕೊರ್ಟಾನಾವನ್ನು ನೆಚ್ಚಿಕೊಂಡಿತ್ತು. 2021ರಲ್ಲಿ ಆ ಸೇವೆ ಹಿಂತೆಗೆದುಕೊಂಡಾಗ ಅದು ಬರಿಯ ಬ್ಲೂಟೂತ್ ಸ್ಪೀಕರಾಗಿ ಉಳಿಯಿತು. ಸ್ಮಾರ್ಟ್ ಪ್ಲಗ್, ಸ್ವಿಚ್, ಫ್ಯಾನ್ ರೆಗ್ಯುಲೇಟರ್‌ಗಳನ್ನು ತಯಾರಿಸುವ ನಮ್ಮ ಸಣ್ಣ ಉದ್ದಿಮೆಗಳು ಇದನ್ನು ಗಂಭೀರವಾಗಿ ಪರಿಗಣಿಸಬೇಕು. ಪರರ ಸರ್ವರನ್ನು ನಂಬಿ ಐದು ವರ್ಷಗಳ ವಾರಂಟಿ ಕೊಡುವವನು, ತನ್ನ ಹತೋಟಿಯಲ್ಲಿಲ್ಲದ ಸೇವೆಗೆ ಜಾಮೀನು ನಿಂತಂತೆ. ಅಂತರಜಾಲ ಇಲ್ಲದಾಗಲೂ ಕೈಯಿಂದ ನಡೆಯುವ ಗುಂಡಿಯೊಂದನ್ನು ಉಳಿಸುವುದು ಹೆಚ್ಚು ಖರ್ಚಿನ ಬಾಬೇನಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಇಂತಹ ಸಂಪರ್ಕಿತ ಉಪಕರಣಗಳ ತಯಾರಕರು ಭದ್ರತಾ ಪರಿಷ್ಕರಣೆಯನ್ನು ಕನಿಷ್ಠ ಎಷ್ಟು ಕಾಲ ಒದಗಿಸುತ್ತಾರೆಂಬುದನ್ನು ಪ್ರಕಟಿಸುವುದು ಕಡ್ಡಾಯವಾಗಿದೆ. ಅಲ್ಲಿಗೆ ರಫ್ತು ಮಾಡುವವರಿಗೂ ಇದು ಅನ್ವಯಿಸುತ್ತದೆ.

ಪರೀಕ್ಷೆಗಳೆಲ್ಲ ಮುಗಿದು, ಪೆಟ್ಟಿಗೆ ನಿಜಕ್ಕೂ ಸತ್ತಿದೆ ಎಂದಾದರೆ ಅದು ಇ-ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿಯಮಗಳ ಆಶಯದಂತೆ ಅದು ನೋಂದಾಯಿತ ಮರುಬಳಕೆದಾರನಿಗೆ ಸೇರಬೇಕೇ ವಿನಾ ಗುಜರಿಯ ಗಾಡಿಗಲ್ಲ. ಜೀವವಿದ್ದು ಬೇಡವಾದ ಸ್ಪೀಕರನ್ನು ಆಯುಧಪೂಜೆಯ ದಿನ ಅಂಗಡಿಯ ಹುಡುಗನಿಗೆ ಕೊಡುವ ಮಾಲೀಕರು, ಕೊಡುವ ಮುನ್ನ ಆ್ಯಪ್‌ನಲ್ಲಿ ತಮ್ಮ ಖಾತೆಯಿಂದ ಅದರ ನೋಂದಣಿಯನ್ನು ರದ್ದುಪಡಿಸಬೇಕು. ಇಲ್ಲದಿದ್ದರೆ ಅದು ಅವನ ಮನೆಯಲ್ಲಿ ಜೋಡಣೆಗೆ ಒಪ್ಪದೆ ಕೂರುತ್ತದೆ, ಅವನು ಮರುದಿನವೇ ಅದನ್ನು ಹಿಡಿದುಕೊಂಡು ಕೌಂಟರಿಗೆ ಬರುತ್ತಾನೆ.